ಪರದೆಯಿಲ್ಲದ ಕಿಟಕಿ, ಅರ್ಧಕ್ಕೆ ನಿಂತ ಸೀರೆ

ಸ್ವಲ್ಪ ಹತ್ತಿರ ಬನ್ನಿ, ಮೆಲ್ಲಗೆ ಹೇಳ್ತೀನಿ. ಆಚೆ ಬಾಯಿಬಿಟ್ಟರೆ ನಾನು ಹೇಳಿಯೇ ಇಲ್ಲ ಅಂತ ದೀಪ ಮುಟ್ಟಿ ಆಣೆ ಮಾಡಿಬಿಡ್ತೀನಿ. ಮಗಳಿರೋ ಈ ಪರದೇಶದಲ್ಲಿ, ವೆಸ್ಟೆರಾಸ್ ಪೇಟೆ ದಾಟಿ, ಹೊಲದ ನಡುವೆ ಹದಿನಾಲ್ಕು ಮನೆ ಹಳ್ಳಿ ನಮ್ಮದು. ಮಗಳು ಕೆಲಸಕ್ಕೆ ಹೋದರೆ ಮಾತಿಗೆ ನರಪಿಳ್ಳೆ ಇಲ್ಲ. ಆದರೂ ದಿನಕ್ಕೊಂದು ರಾಮಾಯಣ!

೧. ಕಿಟಕಿ

ಇಲ್ಲಿ ಕಿಟಕಿಗೆ ಪರದೆ ಹಾಕಲ್ಲ. "ಯಾರೂ ಇಣುಕಲ್ಲ ಅಮ್ಮ" ಅಂತಾಳೆ ಮಗಳು. ನಾನೇನು ಇಣುಕ್ತೀನಾ? ಕಣ್ಣು ತಾನಾಗಿ ಹೋಗುತ್ತೆ. ಪಕ್ಕದ ಮನೇಲಿ ಎಪ್ಪತ್ತು ದಾಟಿದ ಒಂಟಿ ಹೆಂಗಸು. ಶನಿವಾರ ಬಂತೆಂದರೆ ಊರ ಆ ತುದಿಯಲ್ಲಿ ಟ್ರ್ಯಾಕ್ಟರ್ ಓಡಿಸೋ ಅಜ್ಜ ಹೂ ಹಿಡಿದು ಬರ್ತಾನೆ, ಭಾನುವಾರ ಸಂಜೆ ತನ್ನ ಮನೆಗೆ!

"ಅವರು ಜೋಡಿ ಅಮ್ಮ. ಬೇರೆ ಬೇರೆ ಮನೇಲಿರ್ತಾರೆ ಅಷ್ಟೆ. ಊರಿಗೆಲ್ಲ ಗೊತ್ತು, ಯಾರೂ ಆ ಮಾತೆತ್ತಲ್ಲ. ನೀನು ಬಾಯಿಬಿಟ್ಟೆಯೋ, ಆಕೆ ಗುರುವಾರದ ಕಾಫಿಗೆ ಕರೆಯೋದು ನಿಲ್ಲಿಸ್ತಾರೆ."

ಬೇರೆ ಬೇರೆ ಮನೆ! "ನಿಮ್ಮಪ್ಪ ಇದ್ದಾಗ ಈ ಏರ್ಪಾಡು ಯಾಕೆ ಹೇಳಲಿಲ್ಲ ಕಣೇ?" ಅಂದೆ.

೨. ಇರುವೆ

ನನಗೆ ಸಕ್ಕರೆ ಕಾಯಿಲೆ. ಆ ಗುರುವಾರದ ಕಾಫಿ ಜೊತೆ ಆಕೆ ಕೊಡೋ ದಾಲ್ಚಿನ್ನಿ ಬನ್ನೇ ನನ್ನ ಜೀವ. ಒಂದು ದಿನ ಮಗಳು, ಮೇಲಿನ ಕಪಾಟಿನ ಬೆಲ್ಲ ಕರಗ್ತಿದೆಯಲ್ಲ ಅಂದಳು.

"ಇರುವೆ."

"ಹೊರಗೆ ಮೊಣಕಾಲುದ್ದ ಹಿಮ ಇದೆ ಅಮ್ಮ!"

"ಅದಕ್ಕೇ ಒಳಗೆ ಬಂದಿವೆ."

ನಂಬಿ, ಪಕ್ಕದ ಮನೆಯಾಕೆ ಹತ್ತಿರ ಇರುವೆ ಔಷಧಿ ಈಸ್ಕೊಂಡು ಬಂದಳು, ಪೆದ್ದಿ.

೩. ಬಾವುಟದ ಕಂಬ

ಇಲ್ಲಿ ಅಂಗಳಕ್ಕೊಂದು ಬಾವುಟದ ಕಂಬ, ಅದಕ್ಕೆ ಹಗ್ಗ. ಬೇಸಿಗೆಯ ಒಂದು ಶನಿವಾರ ಒಳ್ಳೆ ಗಾಳಿ ಬೀಸ್ತಿತ್ತು. ಒದ್ದೆ ಸೀರೆ ಕಟ್ಟಿ ಎಳೆದೆ. ಅರ್ಧಕ್ಕೆ ಸಿಕ್ಕಿಕೊಂಡಿತು. ಒಣಗೋಕೆ ಅಷ್ಟು ಸಾಕು ಅಂತ ಬಿಟ್ಟೆ. ಅರ್ಧ ಕಂಬಕ್ಕೆ ಬಾವುಟ ಅಂದರೆ ಆ ಮನೇಲಿ ಸಾವು ಅಂತ ನಾನೇನು ಕಂಡೆ? ಸೀರೆಯನ್ನ ನಮ್ಮ ದೇಶದ ಬಾವುಟ ಅಂದುಕೊಂಡು ಊರೇ ಹೂ ಹಿಡಿದು ಬಂತು. ಟ್ರ್ಯಾಕ್ಟರ್ ಅಜ್ಜ ಟೋಪಿ ತೆಗೆದು ಮಗಳಿಗೆ ಸಮಾಧಾನ ಹೇಳ್ತಿದ್ದ. ಅಷ್ಟರಲ್ಲಿ "ಯಾರೇ ಅದು?" ಅಂತ ನಾನೇ ಹೊರಗೆ ಬಂದೆ. ಒಬ್ಬಾಕೆ ಹೂಕುಂಡ ಬೀಳಿಸಿಯೇಬಿಟ್ಟಳು.

ಬಂದ ಹೂ ವಾಪಸ್ ಕೊಡೋದುಂಟೇ? ದೇವರಿಗೆ ಏರಿಸಿ ಎಲ್ಲರಿಗೂ ಕಾಫಿ ಕೊಟ್ಟೆ.

೪. ಎದುರಿಗೇ ಅಂದಳು

ಆ ಕಾಫಿ ಹೊತ್ತಲ್ಲಿ ಪಕ್ಕದ ಮನೆಯಾಕೆ ಈ ತುದಿ, ಅಜ್ಜ ಆ ತುದಿ. ಏನೂ ಅರಿಯದವರ ಹಾಗೆ! ನನಗೆ ತಡೆಯಲಿಲ್ಲ. ಇಬ್ಬರನ್ನೂ ತೋರಿಸಿ, ಎರಡು ಬೆರಳು ಜೋಡಿಸಿ, ಮೂರು ಗಂಟು ಹಾಕೋ ಹಾಗೆ ಕೈಯಾಡಿಸಿ, "ಯಾವಾಗ?" ಅಂದೆ.

ಅಜ್ಜನ ಕಿವಿ ಟೊಮೆಟೊ. ಮುಗೀತು, ನನ್ನ ಬನ್ನು ಹೋಯ್ತು ಅಂದುಕೊಂಡೆ.

ಆಕೆ ಕಪ್ ಕೆಳಗಿಟ್ಟು, ನನ್ನ ಮುಖ ನೋಡಿಕೊಂಡೇ ನಿಧಾನವಾಗಿ ಏನೋ ಹೇಳಿದಳು. ಅದನ್ನ ಕನ್ನಡದಲ್ಲಿ ಹೇಳ್ತಾ ಹೇಳ್ತಾ ಮಗಳ ಕಣ್ಣು ಕೆಂಪಾಯ್ತು:

"ನಮ್ಮ ವಿಷಯ ಇರಲಿ. ನಿಮ್ಮ ಕಿಟಕಿಗೂ ಪರದೆ ಇಲ್ಲ. ಮಗಳ ಕಾರು ತಿರುವು ದಾಟಿದ ಕೂಡಲೇ ಆ ಇರುವೆಯನ್ನ ನಾನು ದಿನಾ ನೋಡ್ತೀನಿ. ಸೀರೆ ಎತ್ತಿ ಕಟ್ಟಿ, ಸ್ಟೂಲು ಹತ್ತುತ್ತೆ."