ಲಸಿಕೆಗೆ ನಾನು ಸೀಟು ಹಂಚಿದ್ದು

ಐವತ್ತೆರಡು ಸೀಟಿನ ಬಸ್ಸಿನಲ್ಲಿ ಎಂಬತ್ತು ಜನರನ್ನು ಒಂದೇ ಸೀಟಿಯಲ್ಲಿ ಹಿಂದೆ ಮುಂದೆ ಸರಿಸುತ್ತಿದ್ದ ಕಂಡಕ್ಟರು ನಾನು. ಅಂಥವನನ್ನು ಮೂರು ಕೋಣೆಯ ಮನೆಯೊಳಗೆ ಕೂಡಿಹಾಕಿ, ಕೈಗೆ ಟಿಕೆಟ್ ಮಷೀನಿನ ಬದಲು ಸೌಟು ಕೊಟ್ಟರೆ ಹೇಗಿರುತ್ತದೆ, ನೀವೇ ಹೇಳಿ.

ನನ್ನ ಬಸ್ಸು ಓಡುತ್ತಿದ್ದದ್ದು ನಮ್ಮ ಜಿಲ್ಲೆಯಿಂದ ಪಕ್ಕದ ಜಿಲ್ಲೆಗೆ. ನಡುವೆ ಒಂದು ಸೇತುವೆ. ಸೋಂಕು ಆ ಕಡೆ ಕಡಿಮೆ, ಈ ಕಡೆ ಜಾಸ್ತಿ ಎಂದು ಲೆಕ್ಕ ಬಂದ ದಿನವೇ ಸೇತುವೆಗೆ ಅಡ್ಡಲಾಗಿ ಕಬ್ಬಿಣದ ಬೇಲಿ ಬಿತ್ತು. ಬಸ್ಸು ಡಿಪೋ ಸೇರಿತು, ನಾನು ಅಡುಗೆಮನೆ ಸೇರಿದೆ. ಮರುವಾರ ನಮ್ಮ ಬೀದಿಯ ತುದಿಗೂ ಒಂದು ಬೇಲಿ ಬಂತು. ಅಂಗಡಿ ಬೆಳಿಗ್ಗೆ ಹತ್ತರವರೆಗೆ ಮಾತ್ರ, ಅದೂ ಮನೆಗೊಬ್ಬರು.

ನನ್ನ ಹೆಂಡತಿ ನಮ್ಮ ವಾರ್ಡಿನ ಆರೋಗ್ಯ ಕೇಂದ್ರದಲ್ಲಿ ನರ್ಸು. ಲೋಕವೆಲ್ಲ ಬಾಗಿಲು ಹಾಕಿಕೊಂಡು ಕೂತಿರುವಾಗ ಬೇಲಿ ದಾಟಿ ಹೊರಗೆ ಹೋಗುವ ಪರಮಾಧಿಕಾರ ಇಡೀ ಬೀದಿಯಲ್ಲಿ ಅವಳೊಬ್ಬಳಿಗೆ. ಬೆಳಿಗ್ಗೆ ಏಳಕ್ಕೆ ಹೋದರೆ ಸಂಜೆ ಆರಕ್ಕೆ, ಎರಡೂ ಕೆನ್ನೆಯ ಮೇಲೆ ಮಾಸ್ಕಿನ ದಾರದ ಗೆರೆ ಹೊತ್ತು ಬರುತ್ತಿದ್ದಳು. ಸ್ನಾನ ಮಾಡಿ ಬಂದು ಕೂತ ಕೂಡಲೇ ನನ್ನ ಪ್ರಶ್ನೆ ಶುರು.

"ಇವತ್ತು ನಮ್ಮ ವಾರ್ಡಲ್ಲಿ ಎಷ್ಟು ಕೇಸು?"

"ಅನ್ನ ಆಯ್ತಾ?"

"ಆಯ್ತು. ಎಷ್ಟು ಕೇಸು?"

"ತಳ ಹತ್ತಿದೆ ಅನ್ಸುತ್ತೆ, ವಾಸನೆ ಬರ್ತಿದೆ."

"ವಾಸನೆ ಬರ್ತಿದೆ ಅಂದ್ರೆ ನಿನಗೆ ಸೋಂಕಿಲ್ಲ ಅಂತ ಖುಷಿಪಡು. ಎಷ್ಟು ಕೇಸು ಅಂತ ಹೇಳ್ಬಾರ್ದಾ?"

"ರೀ, ಆಸ್ಪತ್ರೆ ವಿಷ್ಯ ಆಸ್ಪತ್ರೇಲಿ. ಬೆಳಿಗ್ಗೆಯಿಂದ ಅದನ್ನೇ ಕೇಳಿ ಕೇಳಿ ಸಾಕಾಗಿದೆ."

"ಬಿಡೋ, ಪಾಪ, ದಣಿದು ಬಂದಿದಾಳೆ" ಎಂದು ಒಳಗಿನಿಂದ ನನ್ನ ಅಮ್ಮನ ದನಿ. (ಬೇರೆ ಮನೆಗಳಲ್ಲಿ ಅತ್ತೆ ಸೊಸೆ ಜಗಳವಾಡುತ್ತಾರಂತೆ. ನಮ್ಮ ಮನೆಯಲ್ಲಿ ಅವರಿಬ್ಬರದು ಮೈತ್ರಿಕೂಟ, ನಾನು ಏಕಸದಸ್ಯ ವಿರೋಧ ಪಕ್ಷ.)

ಹೀಗೆ ನನಗೆ ಏನೇನೂ ಗೊತ್ತಿರಲಿಲ್ಲ. ಆದರೆ ನರ್ಸಮ್ಮನ ಗಂಡನಿಗೆ ಗೊತ್ತಿಲ್ಲವೆಂದರೆ ಬೀದಿ ನಂಬೀತೇ? ಒಂದು ದಿನ ಎದುರುಮನೆಯ ರಿಟೈರ್ಡ್ ಹೆಡ್‌ಮೇಷ್ಟ್ರು ಕಾಂಪೌಂಡಿನ ಆಚೆ ಬಂದು ನಿಂತರು. ನನ್ನ ಬಸ್ಸು ಯಾವುದೋ ಕಾಲದಲ್ಲಿ ಅವರನ್ನು ನಿಲ್ದಾಣದಿಂದ ಇನ್ನೂರು ಹೆಜ್ಜೆ ಮುಂದೆ ಇಳಿಸಿತಂತೆ. ಅಂದಿನಿಂದ ಹನ್ನೆರಡು ವರ್ಷ ನನ್ನ ನಮಸ್ಕಾರಕ್ಕೆ ಅವರು ಪ್ರತಿ ನಮಸ್ಕಾರ ಮಾಡಿದವರಲ್ಲ. ಅಂಥವರು ತಾವಾಗಿಯೇ ಕೈ ಮುಗಿದು, "ಕಂಡಕ್ಟರ್ರೇ, ನಾಳೆ ಎಷ್ಟಿರಬಹುದು?" ಎಂದರು.

ಗೊತ್ತಿಲ್ಲ ಎನ್ನಬೇಕಿತ್ತು. ಆದರೆ ಆ ಮುಗಿದ ಕೈಗಳನ್ನು ನೋಡಿ ಬಾಯಿ ತಾನೇ ಹೇಳಿತು: "ಹನ್ನೊಂದು."

ಮಾರನೆಯ ದಿನದ ಸರ್ಕಾರಿ ಕೇಸು ಪಟ್ಟಿಯಲ್ಲಿ ನಮ್ಮ ವಾರ್ಡಿನ ಮುಂದೆ ಹನ್ನೊಂದೇ ಇರಬೇಕೇ!

ಅಲ್ಲಿಂದ ನನ್ನ ಭಾಗ್ಯದ ಬಾಗಿಲು ತೆರೆಯಿತು. ಆಮೇಲೆ ನಾನು ಹೇಳಿದ್ದರಲ್ಲಿ ಅರ್ಧ ತಪ್ಪಾಯಿತು, ಆದರೆ ತಪ್ಪಾದಾಗಲೆಲ್ಲ ಜನ ಸರ್ಕಾರವೇ ಸುಳ್ಳು ಲೆಕ್ಕ ಕೊಟ್ಟಿದೆ ಎಂದುಕೊಂಡರು. ಅಷ್ಟರಲ್ಲಿ ಲಸಿಕೆ ಬರುತ್ತದೆಯೆಂಬ ಸುದ್ದಿ ಹಬ್ಬಿತು. ಆಗಂತೂ ನನ್ನ ಗೇಟಿನ ಮುಂದೆ ಆರಾರು ಅಡಿ ಬಿಟ್ಟು ಸಾಲು.

"ಸಿಸ್ಟರ್‌ಗೆ ಸ್ವಲ್ಪ ಹೇಳಿ, ನನ್ನ ಹೆಸರು ಮೇಲೆ ಇರ್ಲಿ" ಎಂದ ಮೂಲೆಮನೆಯ ಟೈಲರು. ಹಾಗೆಂದವನು ಮರುದಿನ ನನ್ನ ಆರು ಅಂಗಿಗಳಿಗೂ ಒಪ್ಪುವಂತೆ ಆರು ಮಾಸ್ಕು ಹೊಲಿದು ತಂದ. ದಿನಸಿ ಅಂಗಡಿಯ ಗುಂಡಣ್ಣ (ಹೆಸರು ಬೇರೆ ಇದೆ, ಆಕಾರ ಕಂಡವರಿಗೆ ಅದು ನೆನಪಿರುವುದಿಲ್ಲ) ಗಟ್ಟಿ ಟೊಮೆಟೊ ಆರಿಸಿ ಎತ್ತಿಡತೊಡಗಿದ. ಮೇಷ್ಟ್ರು ದಿನಕ್ಕೆರಡು ಸಲ ನಮಸ್ಕಾರ ಮಾಡಿದರು. ಮನೆಯೊಳಗೆ ಸೌಟು ಹಿಡಿಯುವ ನಾನು ಗೇಟಿನ ಬಳಿ ಸಾಮ್ರಾಟನಾದೆ.

ಸಾಮ್ರಾಟರಿಗೆ ಶಾಸನ ಬರೆಸದೆ ಸಮಾಧಾನವಿಲ್ಲ. ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಕತ್ತರಿಸಿ, ಹಿಂಬದಿಯಲ್ಲಿ ಅಂಕಿ ಬರೆದು, ಕೆಳಗೆ ಸಹಿ ಜಡಿದು ಲಸಿಕೆ ಸರದಿಯ ಚೀಟಿ ಮಾಡಿದೆ. ಬಸ್ಸಿಲ್ಲದ ಕಂಡಕ್ಟರಿನ ಕೈ ನವೆ ಅದು, ಬೇರೇನಲ್ಲ. ಎಲ್ಲರಿಗೂ ಒಂದನೇ ನಂಬರೇ ಬೇಕು. ಜಗಳ ತಪ್ಪಿಸಲು, "ಒಂದನೇದು ನಂದು" ಎಂದು ಘೋಷಿಸಿ ಜೇಬಿಗಿಟ್ಟುಕೊಂಡೆ. ಎರಡನೆಯದು ಮೇಷ್ಟ್ರಿಗೆ, ಮೂರು ಟೈಲರಿಗೆ, ನಾಲ್ಕು ಗುಂಡಣ್ಣನಿಗೆ. ಹೀಗೆ ನಲವತ್ಮೂರು ಚೀಟಿ ಹಂಚಿದೆ.

ಇಲ್ಲೊಂದು ಗುಟ್ಟು ಹೇಳಿಬಿಡುತ್ತೇನೆ. ಸೂಜಿ ಎಂದರೆ ನನಗೆ ಜೀವ ಹೋಗುತ್ತದೆ. ಮನೆಯಲ್ಲಿ ಹೆಂಡತಿಯ ಚುಚ್ಚುಮಾತನ್ನು ಇಪ್ಪತ್ತು ವರ್ಷ ಸಹಿಸಿದವನು ಒಂದು ಚುಚ್ಚುಮದ್ದನ್ನು ಸಹಿಸಲಾರೆ. ಸಾರಿಗೆ ನೌಕರರಿಗೂ ಮೊದಲ ಸುತ್ತಿನಲ್ಲೇ ಲಸಿಕೆ ಎಂದು ಡಿಪೋದಿಂದ ನನಗೆ ಕಾಗದ ಬಂದಾಗ ಅದನ್ನು ಅಡುಗೆಮನೆಯ ಶೆಲ್ಫಿಗೆ ಹಾಸಿದ್ದ ಪೇಪರಿನ ಕೆಳಗೆ ತಳ್ಳಿದೆ. ಆಮೇಲೆ ಹಾಯಾಗಿ ಗೇಟಿಗೆ ಹೋಗಿ, "ಹೆದರ್ಬೇಡ್ರಿ, ಇರುವೆ ಕಚ್ಚಿದಷ್ಟು ಅಷ್ಟೇ" ಎಂದು ಬೀದಿಗೆಲ್ಲ ಧೈರ್ಯ ಹಂಚಿದೆ.

ಒಂದು ಸಂಜೆ ಹೆಂಡತಿ ಊಟಕ್ಕೆ ಕೂತವಳು ತಾನಾಗಿಯೇ ಹೇಳಿದಳು: "ನಾಳೆ ಶಾಲೆ ಹಾಲ್‌ನಲ್ಲಿ ಲಸಿಕೆ. ಮೂವತ್ತೇ ಡೋಸ್ ಬಂದಿರೋದು. ಅರವತ್ತು ದಾಟಿದವರಿಗೆ ಮೊದಲು. ಅತ್ತೇನೂ ಬರ್ಬೇಕು. ಸೀಸೆ ತೆರೆದ್ರೆ ನಾಲ್ಕು ಗಂಟೇಲಿ ಮುಗಿಸ್ಬೇಕು. ಮೂವತ್ತೂ ಖರ್ಚಾಗ್ಲಿಲ್ಲ ಅಂದ್ರೆ ಮುಂದಿನ ವಾರದ್ದು ಪಕ್ಕದ ವಾರ್ಡಿಗೆ ಕೊಟ್ಬಿಡ್ತಾರಂತೆ. ಎರಡು ತಿಂಗಳಿಂದ ಇದಕ್ಕೇ ಕಾಯ್ತಿದೀನಿ ನಾನು."

ಮೂವತ್ತು! ನಾನು ಹಂಚಿದ್ದು ನಲವತ್ಮೂರು. ಹೇಳಿಬಿಡೋಣವೆಂದು ಬಾಯಿ ತೆರೆದೆ.

"ಏನು?"

"ಇನ್ನು ಸ್ವಲ್ಪ ಅನ್ನ ಹಾಕ್ಲಾ?" ಎಂದೆ.

ಬೆಳಿಗ್ಗೆ ಅವಳೂ ಅಮ್ಮನೂ ಹೊರಟ ಮೇಲೆ ನಾನು ಗೇಟಿಗೆ ಚಿಲಕ ಹಾಕಿ ಪಾತ್ರೆ ತೊಳೆಯುತ್ತ ಕೂತೆ. ಒಂದೇ ಪಾತ್ರೆಯನ್ನು ಮೂರು ಸಲ ತೊಳೆದಿರಬೇಕು, ಫೋನು ಬಂತು.

"ರೀ, ಈಗ್ಲೇ ಶಾಲೆಗೆ ಬನ್ನಿ."

"ಪಾತ್ರೆ..."

"ಈಗ್ಲೇ."

ಹೋದೆ. ನೆಲದ ಮೇಲೆ ಸುಣ್ಣದಲ್ಲಿ ಬರೆದ ಮೂವತ್ತು ವೃತ್ತಗಳಲ್ಲಿ ನನ್ನ ಚೀಟಿ ಹಿಡಿದವರು ಮುಂಜಾನೆಯೇ ಬಂದು ಪ್ರತಿಷ್ಠಾಪಿತರಾಗಿದ್ದರು. ಅವರಲ್ಲಿ ಅರ್ಧಕ್ಕರ್ಧ ಅರವತ್ತು ದಾಟದವರು. ನಿಜವಾದ ಪಟ್ಟಿಯಲ್ಲಿದ್ದ ಹಲವು ಅಜ್ಜ ಅಜ್ಜಿಯರು ಹೊರಗೆ ಬಿಸಿಲಲ್ಲಿ. ಮೇಜಿನ ಹಿಂದೆ ಡಾಕ್ಟರಮ್ಮ, ಪಕ್ಕದಲ್ಲಿ ನನ್ನ ಹೆಂಡತಿ, ಅವಳ ಮುಂದೆ ಕ್ಯಾಲೆಂಡರ್ ಚೀಟಿಗಳ ರಾಶಿ.

"ಇದು ಯಾರ ಅಕ್ಷರ?" ಎಂದು ಒಂದು ಚೀಟಿ ಎತ್ತಿ ಹಿಡಿದಳು.

"ನೋಡಿದ ಹಾಗಿದೆ" ಎಂದೆ.

"ಸಹಿ?"

"ಅದೂ ನೋಡಿದ ಹಾಗಿದೆ."

ಟೈಲರು ಗಟ್ಟಿಯಾಗಿ ಹೇಳಿದ: "ಸಿಸ್ಟರ್, 'ಲಿಸ್ಟೆಲ್ಲಾ ಮನೇಲೇ ತಯಾರಾಗೋದು, ನಾನು ಹೇಳಿದ್ರೆ ಅವಳು ಬರ್ಕೋತಾಳೆ' ಅಂದಿದ್ರು ಕಂಡಕ್ಟರ್ರು!"

ಹೆಂಡತಿ ನನ್ನನ್ನು ನೋಡಿದ ನೋಟವನ್ನು ವರ್ಣಿಸಲು ಭಾಷೆಗೆ ಶಕ್ತಿಯಿಲ್ಲ. ಡಾಕ್ಟರಮ್ಮನೇ ಎದ್ದು, ಅರವತ್ತರ ಒಳಗಿನವರನ್ನೆಲ್ಲ ಹೊರಗೆ ಕಳಿಸಿ, ಹಿರಿಯರನ್ನು ಒಳಗೆ ಕೂರಿಸಿದರು. ಹೆಂಡತಿ ಮೊದಲ ಸೀಸೆ ತೆಗೆದಳು. "ಬನ್ನಿ, ಯಾರು ಮೊದಲು?"

ಯಾರೂ ಏಳಲಿಲ್ಲ. ಇಷ್ಟು ದಿನ ನನಗೆ ಮೊದಲು, ನನಗೆ ಮೊದಲು ಎಂದವರೆಲ್ಲ ಸೂಜಿ ಕಂಡೊಡನೆ ಪರೋಪಕಾರಿಗಳಾದರು. "ಅವರಿಗೆ ಹಾಕಿ." "ಪರವಾಗಿಲ್ಲ, ನೀವು ಹೋಗಿ." "ಹಿರಿಯರು ನೀವು." "ಹಾಗೇನಿಲ್ಲ, ನೀವೇ ಎರಡು ತಿಂಗಳು ದೊಡ್ಡವರು." ಗೋಡೆಯ ಗಡಿಯಾರ ಓಡುತ್ತಿತ್ತು. ಅವಳು ಸೀಸೆಯನ್ನೂ ಗಡಿಯಾರವನ್ನೂ ನೋಡುತ್ತಿದ್ದಳು. "ಯಾರಾದ್ರೂ ಬನ್ನಿ" ಎಂದು ಮತ್ತೆ ಕರೆದಳು.

ಆಗ ಮೇಷ್ಟ್ರು ಎದ್ದು ನಿಂತರು. "ನಾನು ಹಾಕಿಸ್ಕೊಳ್ಳೋಕೆ ಸಿದ್ಧ. ಆದ್ರೆ ನಂದು ಎರಡನೇ ನಂಬರು. ಒಂದನೇ ನಂಬರು ಆಗ್ದೆ ಎರಡನೇದು ಹೇಗಾಗುತ್ತೆ? ಕ್ರಮ ಅಂದ್ರೆ ಕ್ರಮ."

"ಒಂದನೇ ನಂಬರ್ ಯಾರ ಹತ್ರ ಇದೆ?" ಎಂದರು ಡಾಕ್ಟರಮ್ಮ.

ಇಡೀ ಹಾಲು ನನ್ನ ಅಂಗಿಯ ಜೇಬನ್ನು ನೋಡಿತು.

"ನನಗೆ ಬರಲ್ಲ ಮೇಡಂ, ನನಗಿನ್ನೂ ನಲವತ್ತೆಂಟು" ಎಂದು ಹಿಂದೆ ಹಿಂದೆ ಸರಿದೆ.

"ಬರುತ್ತೆ" ಎಂದಳು ಹೆಂಡತಿ. "ಸಾರಿಗೆ ನೌಕರರು ಅಂತ ನಿಮ್ಮ ಹೆಸರು ಈ ಮೂವತ್ತರಲ್ಲೇ ಇದೆ. ಶೆಲ್ಫಿನ ಪೇಪರ್ ಕೆಳಗೆ ಇಟ್ಟಿದ್ರಲ್ಲ, ಆ ಕಾಗದ ನಾನು ಹತ್ತು ದಿನದ ಹಿಂದೇನೇ ಓದಿದೀನಿ. ಬನ್ನಿ, ಕೂತ್ಕೊಳ್ಳಿ."

ಮೊದಲ ಸಾಲಿನಲ್ಲಿದ್ದ ಅಮ್ಮನ ಕಡೆ ಕೊನೆಯ ಆಸೆಯಿಂದ ನೋಡಿದೆ. ಹೆತ್ತ ಕರುಳು ಹಾಲಿಗೆಲ್ಲ ಕೇಳುವಂತೆ ಹೇಳಿತು: "ಗಟ್ಟಿಯಾಗಿ ಹಿಡ್ಕೊಳ್ರಮ್ಮ ಅವನನ್ನ. ಐದನೇ ಕ್ಲಾಸಲ್ಲಿದ್ದಾಗ ಸೂಜಿ ಹಾಕೋರು ಬಂದ್ರು ಅಂತ ಅಕ್ಕಿ ಡಬ್ಬದ ಹಿಂದೆ ಅವಿತ್ಕೊಂಡಿದ್ದ. ಸಂಜೆವರೆಗೂ ಸಿಕ್ಕಿರ್ಲಿಲ್ಲ."

ಕೂತೆ. ಅಂಗಿಯ ತೋಳು ಮಡಚಿದೆ. ಕಣ್ಣು ಮುಚ್ಚಿದೆ. ತೋಳಿಗೆ ಏನೋ ತಣ್ಣಗೆ ತಗುಲಿತು. ನಾನು ಕಿರುಚಿದ ರಭಸಕ್ಕೆ ಕಿಟಕಿಯ ಹೊರಗಿದ್ದ ಪಾರಿವಾಳಗಳು ಒಟ್ಟಿಗೆ ಹಾರಿದವು.

"ಅಯ್ಯಯ್ಯೋ! ಆಯ್ತಾ? ಆಯ್ತಾ?"

"ಇನ್ನೂ ಹತ್ತೀಲಿ ಒರೆಸ್ತಿದೀನಿ ಕಣ್ರೀ."

ಮೊದಲು ನಕ್ಕವಳು ಅಮ್ಮ. ಆಮೇಲೆ ಮೇಷ್ಟ್ರು. ಆಮೇಲೆ ಹಾಲಿಗೆ ಹಾಲೇ, ಕಿಟಕಿಗೆ ಮುಖವೊತ್ತಿ ನಿಂತ ಟೈಲರು, ಗುಂಡಣ್ಣನವರೆಗೂ. ಮಾಸ್ಕಿನ ಮೇಲೆ ನನ್ನ ಹೆಂಡತಿಯ ಕಣ್ಣುಗಳು ಸಣ್ಣಗಾದವು. ಎರಡು ತಿಂಗಳಲ್ಲಿ ಅವಳು ನಕ್ಕದ್ದನ್ನು ಅದೇ ಮೊದಲು ನೋಡಿದೆ. ನೋಡುತ್ತಿದ್ದಂತೆಯೇ, "ಮುಗೀತು, ಏಳಿ" ಎಂದಳು. ಯಾವಾಗ ಚುಚ್ಚಿದಳೋ ನನಗೆ ಗೊತ್ತೇ ಆಗಲಿಲ್ಲ. ಆದರೂ ಸಂಪ್ರದಾಯಕ್ಕೆಂದು ಇನ್ನೊಮ್ಮೆ ಕಿರುಚಿ, ಮೆಲ್ಲಗೆ ಬೆಂಚಿನ ಮೇಲೆ ಒರಗಿದೆ.

"ಇವನೇ ಬದುಕಿದಾನೆ ಅಂದ್ರೆ ನಮಗೇನಾಗುತ್ತೆ" ಎಂದು ಅಜ್ಜಿಯೊಬ್ಬರು ಎದ್ದರು. ಮೇಷ್ಟ್ರು ಎರಡನೇ ನಂಬರು ತಮ್ಮದೆಂದು ಅವರನ್ನು ತಡೆದರು. ಸಾಲು ಓಡಿತು. ಹನ್ನೆರಡು ಗಂಟೆಯೊಳಗೆ ಮೂವತ್ತೂ ಮುಗಿದು, ಮುಂದಿನ ವಾರಕ್ಕೆ ಐವತ್ತು ಕಳಿಸಲು ಡಾಕ್ಟರಮ್ಮ ಫೋನಿನಲ್ಲಿ ಮೇಲಿನವರನ್ನು ಒಪ್ಪಿಸಿದರು.

ಇಷ್ಟಾದ ಮೇಲೆ ಮನೆಯಲ್ಲಿ ನನಗೆ ಸನ್ಮಾನವಿರಬಹುದೆಂದು ಕಾದೆ. ಸಂಜೆ ಬಂದವಳು ಒಂದು ದಪ್ಪ ನೋಟ್‌ಬುಕ್ ಕೊಟ್ಟಳು.

"ನಾಳೆಯಿಂದ ಮನೆಮನೆಗೆ ಹೋಗಿ. ಗೇಟಿನ ಹೊರಗೇ ನಿಂತು, ಚೀಟಿ ಕೊಟ್ಟು ಮೋಸ ಮಾಡಿದೆ, ತಪ್ಪಾಯ್ತು ಅಂತ ಹೇಳಿ. ಹಾಗೇ ಎಲ್ರ ವಯಸ್ಸು, ಕಾಯಿಲೆ ಏನಿದೆ, ಬರ್ಕೊಂಡು ಬನ್ನಿ. ಹೇಗೂ ಲಿಸ್ಟ್ ಮನೇಲೇ ತಯಾರಾಗುತ್ತಲ್ಲ."

ಎರಡು ದಿನ ಅದೇ ಕೆಲಸ. ಗುಂಡಣ್ಣ ಕೊಳೆತ ಟೊಮೆಟೊ ತೂಗಿ ಕೊಟ್ಟ. ಟೈಲರು ಆರು ಮಾಸ್ಕನ್ನೂ ಒಗೆದು ವಾಪಸು ಕೊಡಬೇಕೆಂದ. ಇಸ್ತ್ರಿ ಕೂಡ ಮಾಡಿ ಕೊಟ್ಟೆ.

ನಾಲ್ಕು ವಾರ ಕಳೆಯಿತು. ವಾರ್ಡಿನ ಕೇಸು ಎರಡಕ್ಕೆ ಇಳಿಯಿತು. ಬೀದಿಯ ಬೇಲಿ ತೆಗೆದರು. ಜನ ನನ್ನ ಕಿರುಚಾಟ ಮರೆತರೆಂದು ನಾನು ನೆಮ್ಮದಿಯಾಗಿದ್ದೆ. ಎರಡನೇ ಡೋಸಿನ ದಿನ ತಲೆ ತಗ್ಗಿಸಿಕೊಂಡು ಶಾಲೆಗೆ ಹೋದರೆ, ಎರಡನೇ ಡೋಸಿನವರು ಹಾಲಿನೊಳಗೆ, ಜಗಲಿಯ ತುಂಬ ಇನ್ನಷ್ಟು ಜನ. ಟೈಲರು ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದ. ಗುಂಡಣ್ಣ ಅಂಗಡಿಯಿಂದ ತನ್ನ ಕುರ್ಚಿಯನ್ನೇ ತಂದಿದ್ದ.

ಹೆಂಡತಿ ಬಾಗಿಲಿಗೆ ಬಂದಳು. "ಎರಡನೇ ಡೋಸ್ ಇರೋರು ಮಾತ್ರ ಇರಿ. ಉಳಿದೋರಿಗೆ ಇವತ್ತು ಹಾಕಲ್ಲ."

"ಹಾಕಿಸ್ಕೊಳ್ಳೋಕೆ ಅಲ್ಲ ಸಿಸ್ಟರ್" ಎಂದ ಗುಂಡಣ್ಣ, ಕುರ್ಚಿಯನ್ನು ಕಿಟಕಿಗೆ ಇನ್ನಷ್ಟು ಹತ್ತಿರ ಎಳೆದುಕೊಳ್ಳುತ್ತ. "ನಾವು ನೋಡೋಕೆ ಬಂದಿರೋದು."