ಲಂಡನ್ನವರು ಪಾಸು ಮಾಡಿದರು, ಅವ್ವ ಮಾಡಲಿಲ್ಲ

ನಮ್ಮ ಮನೇಲಿ ಒಂದು ಕೆಲಸ ನೆಟ್ಟಗೆ ಶುರುವಾಗಿ ನೆಟ್ಟಗೆ ಮುಗಿದದ್ದು ನನಗಂತೂ ನೆನಪಿಲ್ಲ. ಹೊಸ ಮಿಕ್ಸಿ ತಂದರೂ ಅದೊಂದು ಕತೆ ಆಗ್ತದೆ. ಅಂಥಾದ್ದರಲ್ಲಿ ನಾನು ಲಂಡನ್ನಿಗೆ ಓದೋಕೆ ಹೊರಟರೆ ಸುಮ್ಮನೆ ಬಿಡ್ತಾರಾ?

ಚಿಕ್ಕರಸಿನಕೆರೆ ಹತ್ತಿರ ನಮ್ಮದೊಂದು ಆಲೆಮನೆ. ಅಪ್ಪ ಬೆಲ್ಲ ಮಾಡ್ತಾನೆ, ಅವ್ವ ಅಪ್ಪನನ್ನೂ ಸೇರಿಸಿ ಎಲ್ಲರನ್ನೂ ಆಳ್ತಾಳೆ. ನೀರಾವರಿ ವಿಷಯದಲ್ಲಿ ಎಂ.ಎಸ್ಸಿ. ಮಾಡಬೇಕು ಅಂತ ನಾನು ಲಂಡನ್ನಿನ ಒಂದು ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದೆ. ಅಪ್ಪ ಕೇಳಿದ ಗಳಿಗೆಗೇ ಒಪ್ಪಿ, ಸಂಜೆಯೊಳಗೆ ಮದ್ದೂರಿನ ಟೀ ಅಂಗಡಿಗಳಿಗೆಲ್ಲ ಸುದ್ದಿ ಮುಟ್ಟಿಸಿ ಬಂದ.

ಅವ್ವ ಒಪ್ಪಲಿಲ್ಲ. ನಮ್ಮ ಮನೆಯಿಂದ ಯಾರೇ ಹೊರಟರೂ ಬಾಗಿಲಲ್ಲಿ ನಿಂತು "ಬತ್ತೀನಿ ಕಣವ್ವ" ಅನ್ನಬೇಕು, ಅವಳು "ಓಗ್ಬಾ" ಅನ್ನಬೇಕು. ಅವಳ ಬಾಯಲ್ಲಿ ಅದು ಬರದೇ ಇದ್ದರೆ ಅಪ್ಪ ಮಂಡ್ಯಕ್ಕೂ ಹೋಗಲ್ಲ. ಅಂಥವಳು ನನಗೆ, "ಒಬ್ಳೇ ಬದುಕ್ಕತೀಯ ಅಂತ ಮೊದ್ಲು ನನ್ಗೆ ತೋರ್ಸು. ಆಮ್ಯಾಕೆ ನೋಡಾನ" ಅಂದುಬಿಟ್ಟಳು. ವೀಸಾ ಕೊಡೋರು ಹೂಂ ಅಂದರೂ ಅವ್ವ ಹೂಂ ಅನ್ನದೆ ನಾನು ಹೊಸ್ತಿಲು ದಾಟೋ ಹಂಗಿರಲಿಲ್ಲ. ಮೂರು ತಿಂಗಳು ಆ ಒಂದು ಮಾತಿಗೆ ನಾನು ಪಟ್ಟ ಪಾಡು ಇದು.

೧. ಬ್ರೆಡ್ಡು ತಿಂದ ಮೇಡಮ್ಮು

ಮೊದಲು ವಿಡಿಯೊ ಕಾಲಲ್ಲಿ ಸಂದರ್ಶನ. ಸಂಜೆ ಆರಕ್ಕೆ. ಅಪ್ಪ ಬೀದಿಗೆಲ್ಲ ಹೇಳಿಬಂದಿದ್ದ: "ಆರು ಗಂಟೆಗೆ ಯಾರೂ ಪಿಟಕ್ ಅನ್ನಂಗಿಲ್ಲ, ನಮ್ ಮಗೀಗೆ ಲಂಡನ್ನಿಂದ ಫೋನ್ ಬತ್ತದೆ."

ಜನ ಮರ್ಯಾದಸ್ಥರು, ಯಾರೂ ಪಿಟಕ್ ಅನ್ನಲಿಲ್ಲ. ಸದ್ದು ಮಾಡಬೇಡಿ ಅಂದಿದ್ದನೇ ಹೊರತು ಬರಬೇಡಿ ಅಂದಿರಲಿಲ್ಲವಲ್ಲ! ನಾನು ಕಾವೇರಿ ನಾಲೆಗಳ ಬಗ್ಗೆ ಇಂಗ್ಲಿಷಿನಲ್ಲಿ ಒದರ್ತಾ ಇದ್ದರೆ ಪರದೆ ಮೇಲಿನ ಮೇಡಂ ಕಣ್ಣು ನನ್ನ ಮೇಲಿರಲಿಲ್ಲ. ತಿರುಗಿ ನೋಡ್ತೀನಿ, ಹಿಂದೆ ಹನ್ನೆರಡು ಜನ. ಹೆಂಗಸರು ರೇಷ್ಮೆ ಸೀರೆ ಉಟ್ಟು, ಗಂಡಸರು ಕೈ ಕಟ್ಟಿಕೊಂಡು, ಮದುವೆ ಫೋಟೋಗೆ ನಿಂತಂಗೆ ನಿಂತಿದ್ದಾರೆ.

ಆಯಮ್ಮ ಒಳ್ಳೇವರು, ನಕ್ಕು ಎಲ್ಲರಿಗೂ ಕೈ ಬೀಸಿದರು. ಅಷ್ಟಕ್ಕೇ ಅವ್ವನಿಗೆ ಧೈರ್ಯ ಬಂತು. "ಊಟ ಆಯ್ತಾ ಅಂತ ಕೇಳೇ" ಅಂದಳು. ಮನೆಗೆ ಬಂದವರನ್ನು ಕೇಳದೆ ಬಿಟ್ಟರೆ ಅವಳಿಗೆ ನಿದ್ದೆ ಬರಲ್ಲ. ಬೇರೆ ದಾರಿಯಿಲ್ಲದೆ ಕೇಳಿದೆ. ಮಧ್ಯಾಹ್ನಕ್ಕೆ ಬ್ರೆಡ್ಡು, ಸೂಪು ತಗೊಂಡೆ ಅಂತ ಮೇಡಂ ಹೇಳಿದರು. ನಾನು ಅದನ್ನೇ ಕನ್ನಡದಲ್ಲಿ ಹೇಳಿದೆ.

ಹನ್ನೆರಡು ಜನರ ಮುಖವೂ ಸಪ್ಪಗಾಯಿತು. ನಮ್ಮ ಕಡೆ ಬ್ರೆಡ್ಡು ತಿನ್ನೋದು ಜ್ವರ ಬಂದಾಗ, ಇಲ್ಲ ಆಸ್ಪತ್ರೆ ಮಂಚದ ಮೇಲೆ. ಅವ್ವ ಫೋನಿನ ಹತ್ತಿರ ಬಗ್ಗಿ, "ಅಯ್ಯೋ, ಎಷ್ಟ್ ದಿವ್ಸದಿಂದ ಉಸಾರಿಲ್ವಂತೆ?" ಅಂದಳು.

ಸೀಟೇನೋ ಸಿಕ್ಕಿತು. ಆದರೆ ಅವ್ವ, "ಓದ್ಸೋರೇ ಕಾಯ್ಲೆ ಬಿದ್ದವ್ರೆ, ಅಂತಾ ಊರಿಗೆ ನಿನ್ನ ಎಂಗ್ ಕಳ್ಸದು? ನೋಡಾನ" ಅಂದಳು.

೨. ಅವ್ವನೇ ಅಲಾರಂ

ಲಂಡನ್ನಿನಲ್ಲಿ ಅಡುಗೆಮನೆಯಲ್ಲಿ ಹೊಗೆ ಎದ್ದರೆ ಅಲಾರಂ ಬಡ್ಕೊಳ್ಳುತ್ತಂತೆ, ಕಟ್ಟಡದವರೆಲ್ಲ ಬೀದಿಗೆ ಓಡಬೇಕಂತೆ. ಇದನ್ನು ಬಾಯಿ ತಪ್ಪಿ ಅವ್ವನ ಮುಂದೆ ಹೇಳಿದೆ. ಮಾರನೇ ದಿನವೇ ಹೊಸ ಪರೀಕ್ಷೆ: ಹೊಗೆ ಏಳದಂಗೆ ಒಗ್ಗರಣೆ ಹಾಕಬೇಕು.

"ಹೊಗೆ ಎದ್ದದ್ದು ಗೊತ್ತಾಗೋದು ಹೆಂಗವ್ವ? ನಮ್ಮನೇಲಿ ಅಲಾರಂ ಎಲ್ಲದೆ?"

"ನಾನಿಲ್ವಾ?"

ಸ್ಟೀಲ್ ತಟ್ಟೆ, ಸೌಟು ಹಿಡಿದು ಅಡುಗೆಮನೆ ಬಾಗಿಲಲ್ಲಿ ಕೂತಳು. ನಾನು ಎಣ್ಣೆ ಕಾಯಿಸಿ, ಸಾಸಿವೆ ಸಿಡಿಸಿ, ಒಣಮೆಣಸಿನಕಾಯಿ ಹಾಕಿದ್ದೇ ತಡ, ಘಾಟು ಮೂಗಿಗೆ ಹೊಡೆಯಿತು. ಅವ್ವ ಕೆಮ್ಮಿಕೊಂಡೇ ಢಣಢಣ ಅಂತ ತಟ್ಟೆ ಬಡಿಯೋಕೆ ಶುರು ಮಾಡಿದಳು. ಸಾಕು ನಿಲ್ಲಿಸವ್ವ ಅಂದರೆ, "ಒಗೆ ನಿಂತ್ ಮ್ಯಾಲೇ ನಿಲ್ಸಾದು, ಅಲಾರಂ ಅಂದ್ರೆ ಅಲಾರಮ್ಮೇ" ಅಂತಾಳೆ.

ನಮ್ಮ ಬೀದಿಯಲ್ಲಿ ತಟ್ಟೆ ಬಡಿಯೋದು ಕೋತಿ ನುಗ್ಗಿದಾಗ ಮಾತ್ರ. ಎರಡು ನಿಮಿಷದಲ್ಲಿ ಅಕ್ಕಪಕ್ಕದವರೆಲ್ಲ ದೊಣ್ಣೆ, ಕವಣೆ ಹಿಡಿದು ನಮ್ಮ ಅಂಗಳಕ್ಕೆ ನುಗ್ಗಿದರು. "ಎಲ್ಲದೆ? ಎಲ್ಲದೆ ಕೋತಿ?" ಅಂತ ಒಂದೇ ಗದ್ದಲ.

ಅವ್ವನಿಗೆ ಕೆಮ್ಮು ನಿಂತಿರಲಿಲ್ಲ, ಮಾತಾಡೋಕೆ ಆಗಲಿಲ್ಲ. ಸೌಟಿನಲ್ಲಿ ಒಲೆ ಮುಂದೆ ನಿಂತಿದ್ದ ನನ್ನನ್ನು ತೋರಿಸಿದಳು.

೩. ದಾರಿ ಕೇಳಬಾರದು

ದೊಡ್ಡ ಊರು, ಕಳೆದುಹೋಗ್ತೀಯ ಅನ್ನೋದು ಅವಳ ಮುಂದಿನ ತಕರಾರು. ಫೋನಿನಲ್ಲೇ ದಾರಿ ನೋಡ್ಕೊಂಡು ಹೋಗ್ತೀನಿ ಅಂದೆ. "ಅಂಗಾರೆ ನಿನ್ ದೊಡ್ಡವ್ವನ ಹೊಸಾ ಮನೇಗೆ ಓಗ್ ಬಾ. ಒಬ್ರನ್ನೂ ಕೇಳ್ಕೂಡ್ದು" ಅಂದಳು. ದೊಡ್ಡವ್ವ, ಅಂದರೆ ಅವ್ವನ ಅಕ್ಕ, ಇರೋದು ಶಿವನಸಮುದ್ರದಲ್ಲಿ, ದೊಡ್ಡಪ್ಪನಿಗೆ ಕರೆಂಟು ತಯಾರಿಸೋ ಕಡೆ ಕೆಲಸ. ಅವರ ಹೊಸ ಮನೆ ನಾನು ನೋಡಿರಲಿಲ್ಲ.

ಮಳವಳ್ಳಿಯಲ್ಲಿ ಬಸ್ಸು ಬದಲಾಯಿಸಿ, ಇಳಿದು, ಫೋನು ನೋಡ್ಕೊಂಡು ಹೊರಟೆ. ಕಟ್ಟೆ ಮೇಲೆ ಕೂತಿದ್ದ ತಾತ ಒಬ್ಬರು ಕೂಗಿದರು.

"ಯಾರ್ ಮಗಳವ್ವಾ ನೀನು? ಯಾರ್ ಮನೇಗೆ?"

"ತಾತ, ನಾನು ಯಾರನ್ನೂ ಕೇಳಂಗಿಲ್ಲ."

"ನೀನೆಲ್ಲಿ ಕೇಳ್ದೆ? ಕೇಳ್ತಿರೋನು ನಾನು."

ನಾನು ಮುಂದೆ ನಡೆದೆ. ತಾತ ಎದ್ದು ಹಿಂದೆಯೇ ಬಂದರು. ಹೂ ಮಾರೋ ಹೆಂಗಸು ಬುಟ್ಟಿ ಸಮೇತ ಸೇರಿಕೊಂಡಳು. ಫೋನು ಎಡಕ್ಕೆ ತಿರುಗು ಅಂತು. ತಾತ ಫೋನಿಗೇ ಬೈದರು: "ಅಲ್ಲೇನೈತವ್ವಾ, ಕಬ್ಬಿನ ಗದ್ದೆ! ಈ ಮಗೀನ ಎಲ್ಲಿಗ್ ತಳ್ತಿದ್ದೀಯ?"

ಹೂವಿನಾಕೆ ನನ್ನ ಮುಖವನ್ನೇ ದಿಟ್ಟಿಸಿ ನೋಡಿದಳು. "ಈ ಮೂಗು ಎಲ್ಲೋ ನೋಡಿವ್ನಿ ಕಣ್ ತಾತ. ಆ ಮೂಲೆ ಮನೆ ಆಯಮ್ಮಂಗೂ ಇಂಗೇ ಅಲ್ವಾ?" ಇಬ್ಬರೂ ಸೇರಿ ನನ್ನ ಕೈ ಹಿಡಿದು ದೊಡ್ಡವ್ವನ ಬಾಗಿಲಿಗೆ ಬಿಟ್ಟರು. ಕಾಫಿ ಕುಡಿದುಕೊಂಡೇ ಹೋದರು.

ಒಬ್ಬರನ್ನೂ ಕೇಳಲಿಲ್ಲ ಕಣವ್ವ ಅಂತ ಮನೆಗೆ ಬಂದು ಜಂಬ ಕೊಚ್ಚಿದೆ. ದೊಡ್ಡವ್ವ ಆಗಲೇ ಫೋನಲ್ಲಿ ಎಲ್ಲ ಒದರಿಬಿಟ್ಟಿದ್ದಳು. ಅವ್ವ ಹೊಟ್ಟೆ ಹಿಡ್ಕೊಂಡು ನಕ್ಕಳು. ಆಮೇಲೆ ನನ್ನ ತಲೆ ಸವರಿ, "ಅಲ್ಲಿ ನಿನ್ ಮೂಗ ನೋಡಿ ಗುರ್ತು ಇಡಿಯೋರು ಯಾರವ್ರೆ ಮಗ?" ಅಂದಳು. ಅವಳಿಗೆ ಭಯ ಅನ್ನೋದು ಅವತ್ತೇ ನನಗೆ ಅರ್ಥವಾಗಿದ್ದು.

ಅಪ್ಪ ಪಕ್ಕದಿಂದ, "ಮೂಗು ಪಾಸಾಯ್ತು. ಮಿಕ್ಕಿದ್ದನ್ನ ನೋಡಾನ ಬುಡು" ಅಂದ.

೪. ಇಪ್ಪತ್ತಮೂರು ಕೆಜಿ

ಹೊರಡೋ ದಿನ ಬಂತು. ಅವ್ವ ಇನ್ನೂ ಬಾಯಿ ಬಿಟ್ಟಿರಲಿಲ್ಲ. ಬದಲಿಗೆ ಸೂಟ್‌ಕೇಸು ತುಂಬಿದ್ದಳು: ರಾಗಿಹಿಟ್ಟು, ಹುರುಳಿಕಾಳು, ಸಾರಿನಪುಡಿ, ಅದರ ತಳದಲ್ಲಿ ತನ್ನ ತವರಿಂದ ತಂದಿದ್ದ ಕಬ್ಬಿಣದ ದೋಸೆ ಕಾವಲಿ. ಇಪ್ಪತ್ತಮೂರು ಕೆಜಿ ಮೀರಂಗಿಲ್ಲ ಅಂತ ಅಪ್ಪನಿಗೆ ಹತ್ತು ಸಲ ಹೇಳಿದ್ದೆ. ಅಪ್ಪ ಆಲೆಮನೆಯ ತಕ್ಕಡಿ ಮೇಲಿಟ್ಟು ತೂಗಿ, "ಸರ್ಯಾಗಿ ಇಪ್ಪತ್ಮೂರು" ಅಂದ. ಬೆಲ್ಲ ತೂಗಿದ ಕೈ, ತಪ್ಪಾಗುತ್ತಾ ಅಂತ ನಂಬಿದೆ.

ಮೂರು ಜನವೂ ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಹೋದೆವು. ಟಿಕೆಟ್ಟಿದ್ದವರನ್ನು ಮಾತ್ರ ಒಳಗೆ ಬಿಡ್ತಾರೆ, ಅಪ್ಪ ಅವ್ವ ಗಾಜಿನಾಚೆ ನಿಂತರು. ಕೌಂಟರಿನ ಹುಡುಗಿ ಸೂಟ್‌ಕೇಸು ತೂಗಿ, ಕನ್ನಡದಲ್ಲೇ, "ಇಪ್ಪತ್ತೇಳು ಇದೆ ಮೇಡಂ, ನಾಲ್ಕು ಕೆಜಿ ತೆಗೀಬೇಕು" ಅಂದಳು. ಅಪ್ಪನಿಗೆ ಫೋನು ಹಾಕಿದೆ.

"ನಾಲ್ಕ್ ಕೆಜಿ ಸೂಟ್‌ಕೇಸಿಂದು ಕಣವ್ವ. ಅದ ಕಳ್ದೇ ಏಳಿದ್ದು. ಚೀಲದ ತೂಕ ಯಾರಾರ ಲೆಕ್ಕಕ್ ತಗತಾರಾ?"

ಅವ್ವ ಫೋನು ಕಿತ್ತುಕೊಂಡಳು. "ಆ ಉಡ್ಗೀಗೆ ಕೊಡು" ಅಂತ ಅವಳು ಕಿರುಚಿದ್ದು ಸ್ಪೀಕರ್ ಹಾಕದೆಯೂ ಕೇಳಿಸಿತು. ಫೋನನ್ನು ಕೌಂಟರಿನ ಹುಡುಗಿಯತ್ತ ಹಿಡಿದೆ. "ನೋಡವ್ವಾ, ಚೀಲದ್ದು ಕಳೀದೆ ಯಾವ್ ಮಂಡೀಲಿ ತೂಗ್ತಾರೆ? ನಿಮ್ ಸಾವ್ಕಾರನ್ನ ಕರಿ, ನಾನ್ ಮಾತಾಡ್ತೀನಿ."

"ಅಮ್ಮಾ, ಇಲ್ಲಿ ಚೀಲದ್ದೂ ಸೇರ್ತದೆ."

"ಇದ್ಯಾವ್ ಸೀಮೆ ನ್ಯಾಯ? ನಮ್ ಬೆಲ್ಲಕ್ಕಿಲ್ದಿದ್ದು ನನ್ ಮಗ್ಳಿಗ್ಯಾಕೆ?"

ಹಿಂದೆ ಸಾಲು ಬೆಳೀತಾ ಇತ್ತು, ಹೊತ್ತು ಮೀರ್ತಾ ಇತ್ತು. ಅವ್ವ ಅದ ತೆಗಿ, ಬ್ಯಾಡ ಇದ ತೆಗಿ ಅಂತ ಒಂದೇ ಸಮ ಕೂಗ್ತಾ ಇದ್ದಾಳೆ. ನನಗೆ ರೇಗಿಹೋಯಿತು. "ಅವ್ವಾ, ಇದು ನನ್ನ ಬ್ಯಾಗು. ನಾನ್ ನೋಡ್ಕತೀನಿ, ನೀನು ಫೋನ್ ಇಡು" ಅಂದು ನಾನೇ ಕಟ್ ಮಾಡಿದೆ. ಹುಟ್ಟಿದಾಗಿನಿಂದ ಅವಳ ಮಾತನ್ನು ಅರ್ಧಕ್ಕೆ ಕಡಿದದ್ದು ಅದೇ ಮೊದಲು. ನೆಲದ ಮೇಲೆ ಸೂಟ್‌ಕೇಸು ಬಿಚ್ಚಿ, ಕೈಗೆ ಸಿಕ್ಕಿದ ಕಾವಲಿಯನ್ನು ಎಳೆದು ತೆಗೆದೆ. ತೂಕ ಸರಿಹೋಯಿತು.

ಬಂದೂಕು ಹಿಡಿದ ಕಾವಲುಗಾರನಿಗೆ ಕೈಮುಗಿದು, ಬಾಗಿಲಲ್ಲೇ ಅವ್ವನ ಕೈಗೆ ಕಾವಲಿ ಕೊಟ್ಟೆ. ಅವ್ವ ಒಂದು ಸಲ ಅದನ್ನು ನೋಡಿದಳು, ಒಂದು ಸಲ ನನ್ನನ್ನು ನೋಡಿದಳು. ಬೈಗುಳಕ್ಕೆ ರೆಡಿಯಾಗಿ ನಿಂತೆ.

"ನನ್ಗೇ ಫೋನ್ ಕಟ್ ಮಾಡ್ದೆ."

"ಹೂಂ ಕಣವ್ವ."

"ನನ್ ತವರ್ಮನೆ ಕಾವಲೀನೇ ತಗ್ದಾಕ್ದೆ. ಯಾರ್ನೂ ಕೇಳ್ದೆ."

"ಹೂಂ."

ಅವಳ ಕಣ್ಣು ತುಂಬಿಬಂತು. "ಬದುಕ್ಕತೀಯ ಬುಡು. ಓಗ್ಬಾ ಮಗ."

ನಾನೂ ಗೋಳೋ ಅಂತ ಅತ್ತೆ, ಅಪ್ಪ ಕೂಡ ಟವಲ್ಲು ಮುಖಕ್ಕೆ ಹಿಡಿದುಕೊಂಡ. ಒಳಗೆ ಹೊರಟು ತಿರುಗಿ ನೋಡಿದರೆ ಅವ್ವ ಕಣ್ಣೊರೆಸಿಕೊಂಡು, ಕಾವಲಿಯನ್ನು ಎದೆ ಮಟ್ಟಕ್ಕೆ ಎತ್ತಿ ಹಿಡಿದು, ಕನ್ನಡದ ಗಂಧಗಾಳಿಯೂ ಗೊತ್ತಿಲ್ಲದ ಆ ಕಾವಲುಗಾರನ ಮುಂದೆ ನಿಂತಿದ್ದಳು.

"ನಿಮ್ ಸಾವ್ಕಾರಂಗೆ ಏಳಪ್ಪಾ. ಚೀಲದ್ದು ಕಳೀಲಿಲ್ಲ ಅಂದ್ರೆ, ಮುಂದಿನ್ ಸಲ ನಾವು ಈ ಮಂಡೀಗೆ ಬರಾಕಿಲ್ಲ."

ಅವನು ಕಾವಲಿಯನ್ನೇ ನೋಡಿಕೊಂಡು, ಎರಡು ಹೆಜ್ಜೆ ಹಿಂದೆ ಸರಿದು, "ಜೀ, ಮಾತಾಜಿ" ಅಂದ.