ಕೂದಲೂ ನುಸುಳದ ಡ್ರಾಯರು

ಬಡಗಿಗಳೆಂದರೆ ಯಜಮಾನರಿಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಅಂಥದ್ದರಲ್ಲಿ ಹೆಂಡತಿಯ ತಮ್ಮನೇ ಬಡಗಿಯಾಗಿದ್ದದ್ದು ತಮ್ಮ ಹಣೆಬರಹ ಎಂದುಕೊಂಡು ಸುಮ್ಮನಿದ್ದರು. ತಾವೋ, ಕಾರ್ಖಾನೆಯಲ್ಲಿ ಲೇತಿನ ಮುಂದೆ ನಿಂತು, ಕೂದಲೇ ದಪ್ಪವೆನ್ನಿಸುವ ಅಳತೆಗೆ ಉಕ್ಕು ಕಡೆದೂ ಕಡೆದೂ ತಮ್ಮ ಕೂದಲನ್ನೇ ಕಳೆದುಕೊಂಡವರು. ಭಾವಮೈದನೋ, "ಒಂದು ಬೆರಳು ಸಂದು ಬಿಡಿ ಭಾವ, ಮರಾನೂ ಉಸಿರಾಡ್ಬೇಕಲ್ಲ" ಅನ್ನುವವನು. ಯಾರ ಬೆರಳು, ಅದರಲ್ಲಿ ಯಾವ ಬೆರಳು ಅಂತ ಇವರು ಕೇಳಿದರೆ ಹಲ್ಲು ಕಿರಿಯುತ್ತಿದ್ದ.

ನಿವೃತ್ತರಾದ ಮೇಲೆ ಯಜಮಾನರು ಹಿತ್ತಲ ಶೆಡ್ಡಿನಲ್ಲಿ ಒಂದು ಹಳೇ ಲೇತ್ ಪ್ರತಿಷ್ಠಾಪಿಸಿ, ಇಡೀ ಬಡಗಿ ಕುಲಕ್ಕೆ ಬುದ್ಧಿ ಕಲಿಸಲೆಂದು ಬೇಸಿಗೆಯುದ್ದಕ್ಕೂ ಕೂತು ಎರಡು ಡ್ರಾಯರಿನ ಒಂದು ಕಪಾಟು ಮಾಡಿದರು. ಸಂದು? ಕೂದಲೂ ನುಸುಳುವಂತಿರಲಿಲ್ಲ. ಮೇಲಿನ ಡ್ರಾಯರ್ ತಳ್ಳಿದರೆ ಒಳಗಿನ ಗಾಳಿಗೆ ಹೋಗಲು ದಾರಿಯಿಲ್ಲದೆ ಕೆಳಗಿನದು ತಾನಾಗಿ ಹೊರಗೆ ಬರುತ್ತಿತ್ತು. ಮನೆಗೆ ಬಂದ ಯಾರನ್ನೂ ಇದನ್ನು ತೋರಿಸದೆ ಅವರು ಕಳಿಸಿದ್ದಿಲ್ಲ. (ಹಾಲಿನವನು ನಾಲ್ಕು ಸಲ ನೋಡಿದ್ದಾನೆ, ಪಾಪ.)

"ಒಂದು ಕತ್ತರಿ ಬೇಕಂದ್ರೆ ಹಗ್ಗ ಜಗ್ಗಿದ ಹಾಗೆ ಜಗ್ಗಬೇಕು. ಮಳೆ ಬಂದ್ರೆ ಮರ ಉಬ್ಬುತ್ತೆ ಕಣ್ರೀ, ತಮ್ಮ ಹೇಳ್ತಿದ್ದ" ಎಂದರು ಹೆಂಡತಿ.

"ನಾನು ಮಾಡಿದ ಮರ ಉಬ್ಬಲ್ಲ" ಎಂದರು ಯಜಮಾನರು, ಮರವನ್ನೂ ತಾವೇ ಸೃಷ್ಟಿಸಿದವರ ಹಾಗೆ.

ಭಾವಮೈದ ಕೈಯಾಡಿಸದಿರಲಿ ಎಂದು ಕಪಾಟಿನ ಬೆನ್ನಿಗೆ ಮೂರು ಮೂಲೆ ತಲೆಯ ಬೋಲ್ಟುಗಳನ್ನು ತಾವೇ ಕಡೆದು ಬಿಗಿದಿದ್ದರು. ಲೋಕದ ಯಾವ ಸ್ಪ್ಯಾನರಿಗೂ ಅವು ಜಗ್ಗುವಂತಿರಲಿಲ್ಲ. ಅವನ್ನು ಬಿಚ್ಚುವ ಕೀಲಿ ಒಂದೇ ಒಂದು, ಮೇಲಿನ ಡ್ರಾಯರಿನಲ್ಲಿ ಭದ್ರವಾಗಿತ್ತು. ರಾತ್ರಿ ಮಲಗುವಾಗ ತಮ್ಮ ಕಟ್ಟಿಸಿದ ಹಲ್ಲಿನ ಸೆಟ್ಟನ್ನು ಡಬ್ಬಿಗೆ ಹಾಕಿ ಇಡುತ್ತಿದ್ದದ್ದೂ ಅಲ್ಲೇ.

ಅವತ್ತು ಸಂಜೆ ಕಾರ್ಖಾನೆಯಲ್ಲಿ ಹೊಸದಾಗಿ ಸೇರಿದವರಿಗೆ ಅವರದೇ ಭಾಷಣ. ವಿಷಯ, 'ಅಳತೆಯೇ ಬದುಕು'. ನಿವೃತ್ತರಾದ ಮೇಲೆ ಕಾರ್ಖಾನೆ ಅವರನ್ನು ನೆನೆಸಿಕೊಂಡದ್ದು ಇದೇ ಮೊದಲು, ವಾರದಿಂದ ಕನ್ನಡಿ ಮುಂದೆ ನಿಂತು ಗಟ್ಟಿ ಮಾಡಿಕೊಂಡಿದ್ದರು. ಬೆಳಿಗ್ಗೆ ಎದ್ದರೆ ಹೊರಗೆ ಜಡಿಮಳೆ. ಡ್ರಾಯರ್ ಎಳೆದರು, ಜಪ್ಪಯ್ಯ ಅನ್ನಲಿಲ್ಲ. ಗೋಡೆಗೆ ಕಾಲು ಕೊಟ್ಟು ಎಳೆದರು. ಹಿಡಿ ಕೈಗೆ ಬಂತು, ಯಜಮಾನರು ನೆಲಕ್ಕೆ ಬಂದರು.

ಹೆಂಡತಿಗೆ ಹೇಳೋಣವೆಂದರೆ ಮಾನ ಹೋಗುತ್ತದೆ. ಬಾಯಿಗೆ ಮಫ್ಲರ್ ಸುತ್ತಿಕೊಂಡು, ಗಂಟಲು ಮುಟ್ಟಿ ತೋರಿಸಿ, ನೋವೆಂದು ಸನ್ನೆ ಮಾಡಿದರು. ಹೆಂಡತಿ ಮರುಮಾತಿಲ್ಲದೆ ಬಿಸಿನೀರು ಕೊಟ್ಟು ಒಳಗೆ ಹೋದರು. ಅವರ ಮುಖದಲ್ಲಿ ಇಷ್ಟು ನೆಮ್ಮದಿ ಯಾಕೆ ಎಂದು ಯೋಚಿಸುವ ಸ್ಥಿತಿಯಲ್ಲಿ ಯಜಮಾನರು ಇರಲಿಲ್ಲ.

ಮಧ್ಯಾಹ್ನದ ತನಕ ತಿಣುಕಾಡಿ, ಕೊನೆಗೆ ಕೊಡೆ ಹಿಡಿದು ಪಕ್ಕದ ಬೀದಿಗೆ ನಡೆದರು. ಭಾವಮೈದನ ಮುಂದೆ ಮಫ್ಲರ್ ಬಿಚ್ಚಿ, ಬೊಚ್ಚು ಬಾಯಿ ತೆರೆದು ತೋರಿಸಿದರು. ಆಮೇಲೆ ಡ್ರಾಯರ್ ಎಳೆಯುವ ಅಭಿನಯ. ಅವನಿಗೆ ಅಷ್ಟು ಸಾಕಾಯಿತು.

"ಅಕ್ಕನಿಗೆ ಹೇಳಬಾರದು, ಅಷ್ಟೇ ತಾನೆ?" ಎಂದ, ನಗು ನುಂಗಿಕೊಳ್ಳುತ್ತಾ. "ಬೆನ್ನು ಬಿಚ್ಚಿದ್ರೆ ಆಯ್ತಲ್ಲ. ಬೋಲ್ಟಿನ ಕೀಲಿ ಎಲ್ಲಿದೆ?"

ಯಜಮಾನರು ಮತ್ತೆ ಡ್ರಾಯರ್ ಎಳೆಯುವ ಅಭಿನಯ ಮಾಡಿದರು. ಈ ಸಲ ಅವನಿಗೆ ನಗು ನುಂಗಲು ಆಗಲಿಲ್ಲ.

ಮನೆಗೆ ಬಂದು ಕಪಾಟಿನ ಮುಂದೆ ಕೂತವನು ಅದನ್ನು ನಿಧಾನವಾಗಿ ಸವರಿದ. "ಭಾವ, ನಿಜವಾಗ್ಲೂ ಒಳ್ಳೇ ಕೆಲಸ. ಒಡೆಯೋಕೆ ಮನಸ್ಸು ಬರ್ತಿಲ್ಲ." ಆಮೇಲೆ ಉಳಿ ಇಟ್ಟು ಸುತ್ತಿಗೆ ಬೀಸಿದ. ಒಂದು ಬೇಸಿಗೆಯ ಬೆವರು ಚಕ್ಕೆ ಚಕ್ಕೆಯಾಗಿ ನೆಲಕ್ಕುದುರಿತು. ಒಂದೊಂದು ಏಟೂ ತಮ್ಮ ಎದೆಗೇ ಬಿದ್ದಂತಾಗಿ ಯಜಮಾನರು ಗೋಡೆ ಕಡೆ ತಿರುಗಿ ನಿಂತರು. ಕೊನೆಗೂ ಡ್ರಾಯರ್ ಈಚೆ ಬಂತು. ಒಳಗೆ ಕತ್ತರಿ ಇತ್ತು, ಕೀಲಿ ಇತ್ತು. ಹಲ್ಲಿನ ಡಬ್ಬಿ ಇರಲಿಲ್ಲ.

ಸದ್ದಿಗೆ ಹೆಂಡತಿ ಓಡಿ ಬಂದರು. "ಇದೇನ್ರೀ, ಚೆನ್ನಾಗಿದ್ದ ಕಪಾಟು!"

"ಹಲ್ಲು" ಎಂದ ತಮ್ಮ, ಭಾವನ ಪರವಾಗಿ.

"ಹಲ್ಲಾ? ನಿನ್ನೆ ರಾತ್ರಿ ಮಳೆ ಶುರುವಾದಾಗ್ಲೇ ತೆಗೆದು ಅಡುಗೆಮನೆ ಕಿಟಕೀಲಿ ಇಟ್ಟೆ. ನಿಮ್ಮ ಡ್ರಾಯರ್ ಮುನಿಸಿಕೊಳ್ಳುತ್ತೆ ಅಂತ ಗೊತ್ತಿತ್ತಲ್ಲ."

ಯಜಮಾನರು ಅವಮಾನವನ್ನೂ ಮರೆತು ಮಫ್ಲರ್ ಕಿತ್ತೆಸೆದು ಏನೇನೋ ತೊದಲಿದರು. ಮತ್ತೆ ಬೆಳಿಗ್ಗೆಯೇ ಯಾಕೆ ಹೇಳಲಿಲ್ಲ ಎಂದು ಅದರ ಅರ್ಥ.

"ಗಂಟಲು ನೋವು, ಮಾತಾಡಕ್ಕಾಗಲ್ಲ ಅಂದ್ರಲ್ಲ" ಎಂದರು ಹೆಂಡತಿ. "ಒಂದು ದಿನ ಮನೆ ತಣ್ಣಗಿರಲಿ ಅಂತ ಸುಮ್ಮನಿದ್ದೆ."

ಭಾಷಣದ ಹೊತ್ತಿಗೆ ಹಲ್ಲು ಬಾಯಲ್ಲಿತ್ತು. ಮಳೆಯಲ್ಲಿ ಭಾವನನ್ನು ತನ್ನ ಕಾರಿನಲ್ಲಿ ಕಾರ್ಖಾನೆಗೆ ಕರೆತಂದ ಉಪಕಾರಕ್ಕೆ ಪ್ರತಿಯಾಗಿ ಭಾವಮೈದ ಅಕ್ಕನ ಜೊತೆ ಮೊದಲ ಸಾಲಿನಲ್ಲೇ ಕೂತಿದ್ದ. ಯಜಮಾನರು ಗಂಟಲು ಸರಿಮಾಡಿಕೊಂಡು, "ಕೂದಲೂ ನುಸುಳದಂಥ ಅಳತೆಯೇ..." ಎಂದು ಆರಂಭಿಸಿ ಮುಂದೆ ನೋಡಿದರು. ಭಾವಮೈದ ಒಂದು ಬೆರಳನ್ನು ಅಡ್ಡವಾಗಿ ಎತ್ತಿ ಹಿಡಿದಿದ್ದ.

ಯಜಮಾನರು ನೀರು ಕುಡಿದರು.

"ಅಂದರೆ, ಉಕ್ಕಿನ ವಿಷಯಕ್ಕೆ ಹೇಳಿದೆ" ಎಂದರು. "ಮರದ ವಿಷಯ ಬೇರೆ."

ಸಭೆಯಲ್ಲಿ ಯಾರಿಗೂ ಇದರ ತಲೆಬುಡ ತಿಳಿಯಲಿಲ್ಲ. ಮೊದಲ ಸಾಲಿನಲ್ಲಿ ಇಬ್ಬರು ಮಾತ್ರ ಜೋರಾಗಿ ಚಪ್ಪಾಳೆ ತಟ್ಟಿದರು.